ಗಾಜಿಗೆ ಹಚ್ಚಿದ ಗಂಧ

ಮೂರನೆಯ ಎಣಿಕೆಯ ೮೮ನೇ ವರ್ಷ
ಹದಿನಾಲ್ಕನೆಯ ತಿಂಗಳು, ಸೊನ್ನೆಯ ದಿನ
ದಫ್ತರ ಕೋಣೆ, ಮುತ್ತಲ ಕಾಲೊನಿ, ಹುಬ್ಬಳ್ಳಿ ಇದ್ದ ಜಾಗ

ಶ್ರೀ ಗಂಗಾಧರ ಮುದಕವಿ,
ಕಾರ್ಯದರ್ಶಿಗಳು, ಮುತ್ತಲ ಕಾಲೊನಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ, ಇವರಿಗೆ.

ಮಾನ್ಯರೇ,

ಮೇಲಿನ ತಾರೀಖನ್ನು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಪಕ್ಕಕ್ಕೆ ಇಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿನಾಲ್ಕು ತಿಂಗಳು, ಪ್ರತಿ ತಿಂಗಳೂ ಸೊನ್ನೆಯ ದಿನದಿಂದ ಶುರುವಾಗುತ್ತದೆ. ಆ ದಿನ ಯಾರೂ ಕೆಲಸ ಮಾಡುವುದಿಲ್ಲ, ದಫ್ತರದವರನ್ನು ಬಿಟ್ಟು. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿಯೆಂದು ಹೇಳಲು ನನಗೆ ಬಾರದು. ನಡುವೆ ಎರಡು ಸಲ ಎಣಿಕೆ ತಪ್ಪಿಹೋಗಿ ಮತ್ತೆ ಒಂದರಿಂದ ಆರಂಭಿಸಿದ್ದಾರೆ. ಸುಮಾರು ಏಳು ತಲೆಮಾರು ಎಂದುಕೊಳ್ಳಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮನೆಯಲ್ಲಿ ನಾವು ಆಡುವ ಮಾತು ನಿಮ್ಮದಕ್ಕಿಂತ ಹೆಚ್ಚು ದೂರ ಹೋಗಿಲ್ಲ, ಆದರೆ ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಸಂಘದ ಕಡತಗಳಿಂದಲೇ. ಈ ಪತ್ರ ಎಲ್ಲಾದರೂ ಸಾಮಾನ್ಯ ಸಭೆಯ ನಡಾವಳಿಯಂತೆ ಕೇಳಿಸಿದರೆ ಅದರ ಹೊಣೆ ನಿಮ್ಮ ಮೇಲಿದೆ.

ನನ್ನ ಹೆಸರು ನೀಲಗಂಗಾ. ಈ ಕಾಲೊನಿಯ ದಫ್ತರದವಳು, ಅಂದರೆ ನೀವು ಉಳಿಸಿದ ದಾಖಲೆಗಳನ್ನು ಕಾಯುವವಳು. ನನಗೆ ಐವತ್ತೊಂಬತ್ತು ವರ್ಷ. ನಮ್ಮಲ್ಲಿ ಒಂದು ಪದ್ಧತಿಯಿದೆ: ದಾಖಲೆಯನ್ನು ಎಲ್ಲರೆದುರು ಓದುವ ದಿನಕ್ಕೆ ಮುಂಚೆ, ಓದುವವರು ಆ ದಾಖಲೆಯನ್ನು ಮೊದಲು ಮಾಡಿದವರಿಗೆ ಒಂದು ಪತ್ರ ಬರೆದು ಕಡತದಲ್ಲಿ ಇಡಬೇಕು. ಇದಕ್ಕೆ ಹಿಂಬರಹ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಸರಕಾರಿ ಕಚೇರಿಯವರು ಕೊಡುತ್ತಿದ್ದ ಉತ್ತರಕ್ಕೆ ಆ ಹೆಸರಿತ್ತೆಂದು ನಿಮ್ಮ ಒಳಚರಂಡಿ ಕಡತದಿಂದ ತಿಳಿದುಕೊಂಡಿದ್ದೇನೆ. ಆ ಕಡತದಲ್ಲಿ ಇಪ್ಪತ್ತೆರಡು ಹಿಂಬರಹಗಳಿವೆ, ಚರಂಡಿ ಮಾತ್ರ ಇಲ್ಲ. ನನಗಿಂತ ಮೊದಲಿನವರು ನಿಮಗೆ ಬರೆದ ಪತ್ರಗಳು ಇಲ್ಲೇ ಕಟ್ಟಿಟ್ಟಿವೆ. ಎಲ್ಲರದೂ ಎರಡೆರಡು ಸಾಲು, ಎಲ್ಲದರಲ್ಲೂ ಧನ್ಯವಾದ. ತಲುಪುತ್ತದೆಂದು ನಂಬಿ ಯಾರೂ ಬರೆದಿಲ್ಲ. ನಾನು ನಂಬುತ್ತೇನೋ ಇಲ್ಲವೋ ಎಂದು ನನ್ನನ್ನೇ ಕೇಳಿಕೊಂಡೆ. ಕೇಳಿಕೊಳ್ಳುತ್ತಲೇ ಬರೆಯಲು ಕುಳಿತೆ.

ಕಾಲೊನಿ ಹೇಗಿದೆ ಎಂದು ನಿಮಗೆ ಕುತೂಹಲವಿದ್ದೀತು. ನಿಮ್ಮ ತೊಂಬತ್ತಾರು ಪ್ಲಾಟುಗಳಲ್ಲಿ ಮೂವತ್ತರಷ್ಟರ ಗೋಡೆಗಳು ಇನ್ನೂ ನಿಂತಿವೆ. ಎಲ್ಲದರ ಮೇಲೂ ಒಂದೇ ನೆರಳುಬಟ್ಟೆ ಹರಡಿದೆ. ಅದು ನಾರಿನಿಂದ ನೇಯ್ದ ದಪ್ಪ ಚಾದರ, ಗಾಳಿಗೆ ಹರಿದಾಗಲೆಲ್ಲ ಪಾಳಿಯ ಪ್ರಕಾರ ಹೊಲಿಯುತ್ತೇವೆ. ಮಧ್ಯಾಹ್ನ ಅದರಾಚೆ ಹೋಗುವಂತಿಲ್ಲ. ನಿಮ್ಮ ಉದ್ಯಾನ ಇದ್ದ ಕಡೆ ಬೆವರುಗೋಡೆಯಿದೆ. ಗಾಳಿಯ ತೇವವನ್ನು ಹೀರಿ ಹನಿಸುವ ಗೋಡೆ ಅದು, ನಮಗೆ ನೀರು ಅದರಿಂದಲೇ. ಬೆಳಗ್ಗೆ ಎದ್ದವರು ಮೊದಲು ಅದರ ಕೆಳಗಿನ ತೊಟ್ಟಿಯನ್ನು ನೋಡುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ನೋಡುತ್ತಾರೆ. ಮನೆಗೆ ಏಳು ಸೌಟು ಎಂಬ ಲೆಕ್ಕ ಆರಕ್ಕೆ ಇಳಿದು, ಕಳೆದ ವರ್ಷ ನಾಲ್ಕಕ್ಕೆ ಬಂತು. ನವಣೆಯನ್ನು ಬಿಸಿಲುಪೆಟ್ಟಿಗೆಯಲ್ಲಿ ಬೇಯಿಸುತ್ತೇವೆ, ಮೆಣಸಿನಕಾಯಿ ಹಬ್ಬಕ್ಕೆ ಮಾತ್ರ. ಉದ್ಯಾನದ ಸಿಮೆಂಟು ಬೆಂಚುಗಳಲ್ಲಿ ಒಂದು ಹಾಗೇ ಉಳಿದಿದೆ, ಅದರ ಬೆನ್ನಿನ ಮೇಲೆ ಕೊಟ್ಟವರ ಹೆಸರು ಈಗಲೂ ಸ್ಪಷ್ಟವಾಗಿ ಓದಲು ಬರುತ್ತದೆ. ಸಂಘವೂ ಉಳಿದಿದೆ. ಕಾರ್ಯದರ್ಶಿಯಾಗಲು ಈಗಲೂ ಯಾರೂ ಮುಂದೆ ಬರುವುದಿಲ್ಲ, ಆದವರನ್ನು ಬೈಯಲು ಈಗಲೂ ಎಲ್ಲರಿಗೂ ಪುರಸೊತ್ತು ಇದೆ.

ನೀರು ಇಳಿದದ್ದರಿಂದ ಕಾಲೊನಿಯನ್ನು ಖಾಲಿ ಮಾಡಬೇಕಾಗಿದೆ. ನಾವು ಒಟ್ಟು ಇನ್ನೂರ ಹದಿನಾಲ್ಕು ಜನ. ಗುಡ್ಡದ ಕಡೆ ಮೇಲ್ನೆಲೆ ಎಂಬ ಜಾಗ ಸಿಕ್ಕಿದೆ, ಆದರೆ ಅಲ್ಲಿ ಅಷ್ಟು ಜನರಿಗೆ ನೀರಿಲ್ಲ. ನೆಲೆಗುರುತು ಇದ್ದವರು ಒಟ್ಟಿಗೆ ಮೇಲ್ನೆಲೆಗೆ ಹೋಗುತ್ತಾರೆ. ನೆಲೆಗುರುತು ಎಂದರೆ, ಎಣಿಕೆ ತಪ್ಪುವುದಕ್ಕೆ ಮುಂಚೆ ತಮ್ಮ ಪೂರ್ವಿಕರಲ್ಲಿ ಒಬ್ಬರಾದರೂ ಈ ಕಾಲೊನಿಯವರಾಗಿದ್ದರು ಎಂದು ಬರಹದಲ್ಲಿ ತೋರಿಸುವುದು. ಅದು ಇಲ್ಲದವರು ಬಿಡಿಜಾಗಗಳಿಗೆ ಹೋಗಬೇಕು. ಬೇರೆ ಬೇರೆ ಊರುಗಳಲ್ಲಿ ಎಲ್ಲೆಲ್ಲಿ ಒಂದು ಜೊತೆ ಕೈ ಕಡಿಮೆಯಿದೆಯೋ ಅಲ್ಲಲ್ಲಿಗೆ ಒಬ್ಬೊಬ್ಬರನ್ನು ಕಳಿಸುತ್ತಾರೆ. ಬಿಡಿಜಾಗದಲ್ಲಿ ಊಟವಿದೆ, ನೆರಳಿದೆ, ಯಾರೂ ಹೊಡೆಯುವುದಿಲ್ಲ. ಅಲ್ಲಿಂದ ತಿರುಗಿ ಬರುವ ದಾರಿಯಿಲ್ಲ, ಕಾಗದ ಕಳಿಸುವ ವ್ಯವಸ್ಥೆಯೂ ಇಲ್ಲ. ಗಂಡ ಹೆಂಡತಿ ಎಂಬುದನ್ನು ನೆಲೆಗುರುತಾಗಿ ಒಪ್ಪುವುದಿಲ್ಲ, ಹಿಂದೊಮ್ಮೆ ಸುಳ್ಳು ಮದುವೆಗಳು ವಿಪರೀತವಾಗಿದ್ದವು. ನಾನು ನನ್ನ ಗುರುತನ್ನು ಬಿಟ್ಟುಕೊಟ್ಟರೆ ನನಗೂ ಒಂದು ಬಿಡಿಜಾಗ ಸಿಗುತ್ತದೆ, ಆದರೆ ಅದು ಇನ್ನೊಂದು ದಿಕ್ಕಿನಲ್ಲಿರುತ್ತದೆ. ನಿಯಮ ಮಾಡಿದವರು ಕೆಟ್ಟವರಲ್ಲ. ಜಗಳವಾಗದ ಹಾಗೆ ಹಂಚಲು ಅವರಿಗೆ ಒಂದು ಆಧಾರ ಬೇಕಿತ್ತು, ನಿಮ್ಮ ಕಡತ ಸಿಕ್ಕಿತು.

ನಾಳೆ ಬೆಳಗ್ಗೆ ನಿಮ್ಮ ನಿವಾಸಿಗಳ ವಹಿಯನ್ನು ಒಂದನೇ ಸಾಲಿನಿಂದ ತೊಂಬತ್ತಾರನೇ ಸಾಲಿನವರೆಗೆ ನಾನು ಗಟ್ಟಿಯಾಗಿ ಓದಬೇಕು. ಓದಿದ ಹೆಸರಿನ ಸಂತತಿಯವರು ಎದ್ದು ಬಲಕ್ಕೆ ಹೋಗಿ ನಿಲ್ಲುತ್ತಾರೆ. ಓದಲು ಬಾರದ ಕಡೆ ನಾನು ‘ಓದಲಾಗದು’ ಎನ್ನಬೇಕು. ಊಹಿಸಿ ಓದುವಂತಿಲ್ಲ.

ಇನ್ನು ನಿಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ಮೊದಲು ಹೊಗಳುವುದನ್ನು ಹೊಗಳಿಬಿಡುತ್ತೇನೆ. ಸಂಘದ ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಜೋಪಾನವಾಗಿ ಇಡಬೇಕೆಂದು ಹಟ ಹಿಡಿದವರು ನೀವು. ಆಫೀಸಿನ ಕಪಾಟಿನಲ್ಲಿ ಗೆದ್ದಲು ಹತ್ತಿದ್ದನ್ನು ನೀವೇ ಕಂಡಿರಿ, ನೀವೇ ಎಲ್ಲರ ಬಳಿ ಹೋಗಿ ಹೇಳಿದಿರಿ, ಕೊನೆಗೆ ಬೇರೆ ಯಾರೂ ಕೈಹಾಕದ್ದರಿಂದ ಕೆಲಸವನ್ನೂ ನೀವೇ ಮಾಡಿದಿರಿ. ರೈಲ್ವೆ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಸಾಮಾನು ಕಾದವರೆಂದು ಎಲ್ಲೋ ಒಂದು ಕಡೆ ಬರೆದುಕೊಂಡಿದ್ದೀರಿ, ಅದು ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ. ಮೂರು ಪ್ರತಿ ಮಾಡಿಸಿದಿರಿ. ಒಂದು ಸಂಘದ ಕಪಾಟಿನಲ್ಲಿ, ಒಂದು ಬ್ಯಾಂಕಿನ ಲಾಕರಿನಲ್ಲಿ, ಇನ್ನೊಂದು ಬಾದಾಮಿಯಲ್ಲಿದ್ದ ನಿಮ್ಮ ಅಕ್ಕನ ಮನೆಯಲ್ಲಿ. ತೇವ ತಾಗಬಾರದೆಂದು ನಿಮ್ಮ ಅಕ್ಕ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರಂತೆ. ಕಪಾಟಿನದು ನೀರಿಗೆ ಹೋಯಿತು, ಲಾಕರಿನದಕ್ಕೆ ಏನಾಯಿತೋ ಯಾರಿಗೂ ಗೊತ್ತಿಲ್ಲ, ಅಕ್ಕಿ ಡಬ್ಬಿಯದು ಉಳಿಯಿತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಡಿಸ್ಕಿಗೇ ಅಂಟಿಸಿದ್ದಿರಿ. ಭದ್ರತೆಯ ದೃಷ್ಟಿಯಿಂದ ಅದು ತಪ್ಪು, ನಮ್ಮ ದೃಷ್ಟಿಯಿಂದ ಪುಣ್ಯ. ಪ್ರತಿ ಯುಗಾದಿಗೆ ಪ್ರತಿಯನ್ನು ತೆರೆದು ನೋಡಿ ಹಾಳೆಗಳನ್ನು ಎಣಿಸಬೇಕು, ಹಳತಾದ ಪೆಟ್ಟಿಗೆಯಿಂದ ಹೊಸ ಪೆಟ್ಟಿಗೆಗೆ ದಾಟಿಸಬೇಕು ಎಂದು ನೀವು ಠರಾವು ಮಾಡಿದಿರಿ. ಅದನ್ನು ಒಂದು ವರ್ಷವೂ ತಪ್ಪಿಸದೆ ಏಳು ತಲೆಮಾರು ಪಾಲಿಸಿದೆ. ಸಾವಿರದ ನೂರ ನಲವತ್ತು ಹಾಳೆ. ಒಂದೂ ಕಳೆದಿಲ್ಲ, ಒಂದು ಚುಕ್ಕೆಯೂ ಮಾಸಿಲ್ಲ.

ಆ ಸಾವಿರದ ನೂರ ನಲವತ್ತು ಹಾಳೆಗಳಲ್ಲಿ ಪ್ರತಿಯೊಂದರ ಮೇಲೂ, ಮೇಲಿನಿಂದ ಕೆಳಗಿನವರೆಗೆ, ಎರಡು ಬೆರಳಗಲದ ಒಂದು ಕಪ್ಪು ಪಟ್ಟಿಯಿದೆ. ಬಲಗಡೆಯ ಅಂಚಿನಿಂದ ಸ್ವಲ್ಪ ಒಳಗೆ, ಎಲ್ಲದರಲ್ಲೂ ಒಂದೇ ಜಾಗದಲ್ಲಿ. ನಡಾವಳಿಗಳಲ್ಲಿ ಅದು ಸಾಲಿಗೊಂದು ಪದವನ್ನು ತಿಂದಿದೆ, ಅಷ್ಟನ್ನು ಊಹಿಸಿಕೊಂಡು ಓದಬಹುದು. ನಲ್ಲಿಯ ನಕ್ಷೆಯಲ್ಲಿ ಒಂದು ಕೊಳವೆ ಕಾಣೆಯಾಗಿದೆ, ಈಗ ಅದರಿಂದ ನಷ್ಟವಿಲ್ಲ. ನಿವಾಸಿಗಳ ವಹಿಯಲ್ಲಿ ನೀವು ಐದು ಕಲಂ ಎಳೆದಿದ್ದಿರಿ: ಅನುಕ್ರಮ ಸಂಖ್ಯೆ, ಪ್ಲಾಟ್ ಸಂಖ್ಯೆ, ಮಾಲೀಕರ ಹೆಸರು, ಮನೆಯಲ್ಲಿ ವಾಸಿಸುವ ಇತರರ ಹೆಸರು, ಸಹಿ. ಪಟ್ಟಿ ಬಿದ್ದಿರುವುದು ನಾಲ್ಕನೆಯ ಕಲಮಿನ ಮೇಲೆ. ಮಾಲೀಕರೆಲ್ಲರೂ ಕಾಣುತ್ತಾರೆ. ಬಾಡಿಗೆಯವರು, ಅಣ್ಣನ ಮನೆಯಲ್ಲಿದ್ದ ತಂಗಿಯರು, ಮಾಳಿಗೆಯ ಕೋಣೆಗಳಲ್ಲಿ ಇದ್ದವರು, ಕಾರ್ ಶೆಡ್ಡಿನಲ್ಲಿ ಸಂಸಾರ ಹೂಡಿದ್ದ ಕಾವಲುಗಾರ, ಇವರು ಯಾರೂ ಕಾಣುವುದಿಲ್ಲ. ನಮ್ಮಲ್ಲಿ ಅಂಥವರ ಸಂತತಿ ಅರವತ್ತೊಂದು ಜನ.

ನನ್ನ ಪೂರ್ವಿಕರು ನಲವತ್ತೊಂದನೇ ಪ್ಲಾಟಿನ ಚನ್ನಪ್ಪ ಬಿದರಿ. ನಿಮ್ಮ ನಡಾವಳಿಗಳಲ್ಲಿ ಅವರ ಹೆಸರು ಹದಿನೇಳು ಸಲ ಬರುತ್ತದೆ, ಹದಿನೇಳೂ ಸಲ ಒಂದೇ ದೂರು: ಬೀಗ ಹಾಕಿಟ್ಟ ತಮ್ಮ ಗೇಟಿನ ಮುಂದೆ ಯಾರೋ ಗಾಡಿ ನಿಲ್ಲಿಸುತ್ತಾರೆ. ಅವರು ಆ ಮನೆಯಲ್ಲಿ ಒಂದು ದಿನವೂ ಉಳಿದಂತೆ ಕಾಣುವುದಿಲ್ಲ. ಅವರ ಹೆಸರು ಬೆಂಚಿನ ಮೇಲಿನ ಹೆಸರಿನಷ್ಟೇ ಸ್ಪಷ್ಟವಾಗಿದೆ. ನಾಳೆ ಆ ಹೆಸರನ್ನು ನಾನೇ ಓದಿ ನಾನೇ ಬಲಕ್ಕೆ ಹೋಗಿ ನಿಲ್ಲುತ್ತೇನೆ.

ಪಟ್ಟಿ ಹೇಗೆ ಬಂತೆಂದು ನನಗೆ ಗೊತ್ತು. ಸಭೆಯ ಟಿಪ್ಪಣಿಗೆಂದು ನೀವು ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದಿರಿ. ಅಂಥ ಎರಡು ಮುದ್ರಿಕೆಗಳು, ನೀವು ಬೇಕೆಂದು ಇಟ್ಟಿರೋ ಮರೆತು ಇಟ್ಟಿರೋ, ಅದೇ ಫೋಲ್ಡರಿನಲ್ಲಿ ಸೇರಿಕೊಂಡಿವೆ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ನೆರೆಮನೆಯವರ ದನಿ ಕತ್ತಲಲ್ಲಿ ಗುರುತು ಸಿಗದಿದ್ದರೂ ನಿಮ್ಮ ಕೆಮ್ಮು ಗುರುತು ಸಿಗುತ್ತದೆ. ಮೊದಲನೆಯದು ಆಯುಧಪೂಜೆಯ ದಿನದ್ದು. ಅಂದು ಸಂಘದ ಆಫೀಸಿನಲ್ಲಿ ಪಂಪಿಗೆ, ಸೈಕಲ್ಲಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೂಜೆ ನಡೆಯುತ್ತಿದೆ. ಸ್ಕ್ಯಾನರು ಹಿಂದಿನ ದಿನವಷ್ಟೇ ಬಂದು ಮೇಜಿನ ಮೇಲೆ ಕೂತಿದೆ. ಹಾಳೆಗಳನ್ನು ತಾನೇ ಒಂದೊಂದಾಗಿ ಎಳೆದುಕೊಂಡು, ಒಳಗಿನ ಸಣ್ಣ ಗಾಜಿನ ಪಟ್ಟಿಯ ಮೇಲೆ ಜಾರಿಸಿ ಹೊರಗೆ ಬಿಡುವಂಥದು. ಆ ಗಾಜಿನ ಮೇಲೆ ಏನು ಕೂತರೂ ಅದು ಪ್ರತಿ ಹಾಳೆಯ ಮೇಲೂ ಉದ್ದಕ್ಕೆ ಗೆರೆಯಾಗಿ ಬೀಳುತ್ತದೆ. ಮಹಿಳಾ ಪ್ರತಿನಿಧಿ ಶಕುಂತಲಾಬಾಯಿ ನರೇಗಲ್ ಗಂಧ ಕುಂಕುಮದ ತಟ್ಟೆ ಹಿಡಿದು ನಿಮ್ಮನ್ನು ಕೇಳುತ್ತಾರೆ.

“ಮುದಕವಿಯವರ, ಈ ಹೊಸಾ ಮಷೀನಿಗೂ ಹಚ್ಚೂಣೇನ್ರಿ?”

“ಹಚ್ರಿ ಅಕ್ಕಾರ. ನಾಳಿಂದ ಎಲ್ಲಾರಕಿಂತ ಜಾಸ್ತಿ ದುಡಿಯೂದು ಅದ.”

“ಮ್ಯಾಲೆ ಹಚ್ಲ್ಯೋ, ಒಳಗೋ?”

“ಕೆಲಸಾ ಮಾಡೂದು ಒಳಗಲ್ರಿ. ಒಳಗೂ ಒಂದೀಟು ಹಚ್ರಿ.”

ಎಲ್ಲರೂ ನಗುತ್ತಾರೆ. ಮುಚ್ಚಳ ತೆರೆದ ಸದ್ದು ಕೇಳುತ್ತದೆ. ಅವರು ಕಂಜೂಸಿ ಮಾಡಿಲ್ಲ, ಎರಡು ಬೆರಳು ಅದ್ದಿ ಭಕ್ತಿಯಿಂದಲೇ ಎಳೆದಿದ್ದಾರೆ. ಮೊದಮೊದಲು ನನಗೆ ಇದನ್ನು ಕೇಳಿದಾಗ ನಗು ಬರುತ್ತಿತ್ತು. ಆಮೇಲೆ ಕೆಲವು ವರ್ಷ ಸಿಟ್ಟು ಬರುತ್ತಿತ್ತು, ಶಕುಂತಲಾಬಾಯಿಯವರನ್ನು ಮನಸ್ಸಿನಲ್ಲೇ ಬೈದಿದ್ದೇನೆ, ಅವರ ಆತ್ಮ ಕ್ಷಮಿಸಲಿ. ಈಗ ಮುಚ್ಚಳದ ಸದ್ದು ಬಂದಾಗ ಏನೂ ಆಗುವುದಿಲ್ಲ. ಮುದ್ರಿಕೆಯಲ್ಲಿ ಅದು ಹನ್ನೊಂದನೇ ನಿಮಿಷ ಎಂದಷ್ಟೇ ನೆನಪಾಗುತ್ತದೆ.

ಅದೇ ಮುದ್ರಿಕೆಯ ಮೂವತ್ತನಾಲ್ಕನೇ ನಿಮಿಷಕ್ಕೆ ಒಬ್ಬ ಹೆಂಗಸು ಚಹಾ ತರುತ್ತಾಳೆ. ಇಪ್ಪತ್ತೇಳನೇ ಪ್ಲಾಟಿನ ಮಾಳಿಗೆಯ ಕೋಣೆಯಲ್ಲಿದ್ದವಳು, ಕಾಲೊನಿಯ ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು. ಹೆಸರು ತುಂಗವ್ವ. ನೀವು ಮಾತು ಮುಗಿಸುವುದಿಲ್ಲ, ಅವಳಿಗೆ ತಡೆಯಲಾಗುವುದಿಲ್ಲ.

“ಚಾ ಆರತಾವ್ರಿ. ಮಾತು ಆಮ್ಯಾಲೆ ಆಡ್ರಿ.”

“ತುಂಗವ್ವಾ, ವಹಿಯೊಳಗ ನಿನ್ನ ಹೆಸರೂ ಬರದೀನಿ ನೋಡು. ಇಪ್ಪತ್ತೇಳರ ಸಾಲಿನ್ಯಾಗ.”

“ನಂದ್ಯಾಕ್ರಿ ಸಾಹೇಬ್ರ? ನಂದೇನ್ ಮನಿ ಐತೇನ್ರಿ ಇಲ್ಲಿ?”

“ಮನಿ ಇರಲಿ ಬಿಡಲಿ. ಇರಾಕಿ ಇಲ್ಲೇ ಹೌದಲ್ಲೋ?”

ಕಪ್ಪು ಬಸಿಗಳನ್ನು ಹಂಚುವ ಸದ್ದು. ಆಮೇಲೆ ಅವಳು, “ಹೌದ್ರಿ. ಇರಾಕಿ ಇಲ್ಲೇ,” ಎನ್ನುತ್ತಾಳೆ.

ನನ್ನ ಗಂಡ ಕಲ್ಮೇಶ ಅವಳ ಮೊಮ್ಮಗಳ ಮರಿಮೊಮ್ಮಗಳ ಮಗ. ತುಂಗವ್ವನಿಂದ ಕೆಳಗಿನ ಎಲ್ಲ ಕೊಂಡಿಗಳಿಗೂ ಬರಹವಿದೆ, ಮೇಲಿನ ಮೊದಲ ಕೊಂಡಿ ಮಾತ್ರ ಗಂಧದ ಕೆಳಗಿದೆ. ದನಿ ಇದೆಯಲ್ಲ, ಅದನ್ನೇ ಕೇಳಿಸಿ ಎಂದು ನೀವು ಹೇಳಬಹುದು. ನಾನೂ ಹೇಳಿ ನೋಡಿದೆ. ದನಿಯನ್ನು ಯಾರು ಬೇಕಾದರೂ ತಯಾರಿಸಬಲ್ಲ ಒಂದು ಕಾಲ ನಿಮ್ಮ ನಂತರ ಬಂದುಹೋಯಿತು, ಅಂದಿನಿಂದ ದನಿ ಸಾಕ್ಷಿಯಲ್ಲ. ಕೈಬರಹ ಮತ್ತು ಸಹಿ ಇರುವ ವಹಿ ಮಾತ್ರ ಸಾಕ್ಷಿ. ಕಲ್ಮೇಶ ತೇವಗಾರ, ಬೆವರುಗೋಡೆಯಲ್ಲಿ ಎಲ್ಲಿ ಎಷ್ಟು ತೇವವಿದೆಯೆಂದು ಅಂಗೈ ಇಟ್ಟು ಹೇಳುವವನು. ಅದಕ್ಕೆ ಯಂತ್ರವಿದೆ, ಆದರೆ ಜನ ಇವನ ಅಂಗೈಯನ್ನೇ ನಂಬುತ್ತಾರೆ. ನಾವು ಮೂವತ್ತಾರು ವರ್ಷದಿಂದ ಒಂದೇ ಕೋಣೆಯಲ್ಲಿ ಇದ್ದೇವೆ. ಅವನು ಹೆಚ್ಚು ಮಾತಿನವನಲ್ಲ, ನಾನು ಇಬ್ಬರ ಪಾಲಿನದನ್ನೂ ಆಡುತ್ತೇನೆ. ನನ್ನ ಪಾಲಿನ ನೀರಿನಲ್ಲಿ ನಾನು ತಲೆ ತೊಳೆದರೆ ಅವನು ತನ್ನ ಪಾಲಿನಿಂದ ನನಗೆ ಕುಡಿಯಲು ಕೊಟ್ಟು, ಕೊಟ್ಟದ್ದನ್ನು ಹೇಳದೆ ಇರುತ್ತಾನೆ. ಅವನಿಗೆ ಗೊತ್ತುಮಾಡಿರುವ ಬಿಡಿಜಾಗ ಪೂರ್ವಕ್ಕೆ ಹನ್ನೆರಡು ದಿನದ ದಾರಿ. ಅಲ್ಲೊಂದು ಗೋಡೆ ಬತ್ತುತ್ತಿದೆಯಂತೆ, ತೇವಗಾರ ಬೇಕಂತೆ. ಹೋದ ವಾರ ಅವನಿಗೆ ತುಂಗವ್ವನ ದನಿ ಕೇಳಿಸಿದೆ. ಕೇಳಿ, “ನಮ್ಮವ್ವಂದೂ ಹಿಂಗ ಇತ್ತು ದನಿ,” ಎಂದು ಹೇಳಿ ಚಪ್ಪಲಿ ಮೆಟ್ಟಿ ಗೋಡೆಯ ಕಡೆ ಹೋದ.

ನಿಮಗೆ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಾಳೆ ಓದುವುದು ತೆರೆಯ ಮೇಲಿನದನ್ನಲ್ಲ, ಅದರಿಂದ ತೆಗೆದ ಕಾಗದದ ಪ್ರತಿಯನ್ನು. ಅದು ನನ್ನ ಕೈಯಲ್ಲೇ ಇದೆ. ನಿಮ್ಮ ಅಕ್ಷರ ನನಗೆ ಚೆನ್ನಾಗಿ ಬರುತ್ತದೆ, ಬರೆಯಲು ಕಲಿತದ್ದೇ ಅದನ್ನು ತಿದ್ದಿ. ಕಪ್ಪು ಪಟ್ಟಿಯನ್ನು ಒಂದು ಸಾಲಿನಷ್ಟು ಕೆರೆದು ಮೂರು ಅಕ್ಷರ ಬರೆದರೆ ನೀವೇ ಬಂದರೂ ನಿಮ್ಮದಲ್ಲವೆನ್ನಲಾರಿರಿ. ಮೊನ್ನೆ ನಾಲ್ಕನೇ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಲೇಖನಿಯನ್ನೂ ಇಟ್ಟುಕೊಂಡು ಕುಳಿತಿದ್ದೆ. ಕಲ್ಮೇಶ ಊಟಕ್ಕೆ ಕರೆಯಲು ಬಂದವನು ನೋಡಿದ. ಲೇಖನಿಯನ್ನು ತೆಗೆದು ಅದರ ಜಾಗದಲ್ಲಿಟ್ಟ.

“ನೀ ಬರದ್ರ ನಂದೊಬ್ಬಂದು ಆಕ್ಕೈತಿ,” ಎಂದ. “ಉಳದ ಅರವತ್ತು ಮಂದಿಗೆ ಯಾರ ಬರೀತಾರ?”

ಅವರಿಗೂ ಬರೆಯುತ್ತೇನೆ ಎಂದೆ. ಅವರ ಪೂರ್ವಿಕರ ಹೆಸರು ಯಾವ ಸಾಲಿನಲ್ಲಿತ್ತೆಂದು ನನಗೆ ಗೊತ್ತಿಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತುಂಗವ್ವನ ಸಾಲು ಗೊತ್ತಿರುವುದು ನೀವು ಅಂದು ಅವಳ ಜೊತೆ ಆಡಿದ ಮಾತಿನಿಂದ. ಉಳಿದವರ ಜೊತೆ ಆಡಿದ್ದರೂ ಅದನ್ನು ಮುದ್ರಿಸಿಲ್ಲ. ಅವನು, “ಏಳು, ನವಣಿ ಆರತೈತಿ,” ಎಂದ. ನಾನು ಎದ್ದು ಹೋಗಿ ಉಂಡೆ. ರುಚಿ ಹೇಗಿತ್ತೆಂದು ಕೇಳಿದ, ಚೆನ್ನಾಗಿದೆ ಎಂದೆ. ಏನು ಉಂಡೆನೆಂದು ನನಗೆ ತಿಳಿದಿರಲಿಲ್ಲ.

ನನಗೆ ಅಳು ಬರುತ್ತಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಹಂಚಿಕೆಯ ಸುದ್ದಿ ಬಂದ ದಿನದಿಂದ ನಾನು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದೇನೆ: ಏಳುತ್ತೇನೆ, ತೊಟ್ಟಿ ನೋಡುತ್ತೇನೆ, ಅವನ ಎರಡು ಅಂಗಿಗಳ ತೇಪೆ ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಪಕ್ಕದವರು ಬಂದು ಕೈ ಹಿಡಿದುಕೊಂಡು ಅತ್ತರೆ ಅವರಿಗೆ ಸಮಾಧಾನ ಹೇಳಿ ಕಳಿಸುತ್ತೇನೆ. ನಾಳೆಯ ಓದನ್ನು ಮೂರು ಸಲ ಅಭ್ಯಾಸ ಮಾಡಿದೆ. ಇಪ್ಪತ್ತಾರನೇ ಸಾಲು ಓದಿ, ಇಪ್ಪತ್ತೇಳರ ನಾಲ್ಕನೆಯ ಕಲಮಿಗೂ ‘ಓದಲಾಗದು’ ಎಂದು, ಇಪ್ಪತ್ತೆಂಟಕ್ಕೆ ಹೋದೆ. ದನಿ ನಡುಗಲಿಲ್ಲ. ನಡುಗಬೇಕಿತ್ತು ಎಂದು ನನಗೆ ಗೊತ್ತಾಗುತ್ತದೆ, ಆದರೆ ಗೊತ್ತಾಗುವುದಷ್ಟೇ ಆಗುತ್ತಿದೆ. ಇಷ್ಟು ವರ್ಷ ಬೇರೆಯವರ ಕಾಗದ ಕಾದು ನಾನೂ ಕಾಗದವೇ ಆಗಿಬಿಟ್ಟೆನೋ ಏನೋ. ನಿಮ್ಮ ಉಗ್ರಾಣದಲ್ಲಿ ನಿಮಗೆ ಯಾವಾಗಲಾದರೂ ಹೀಗಾಗಿತ್ತೇ ಎಂದು ಕೇಳಬೇಕೆನಿಸುತ್ತದೆ.

ಎರಡನೆಯ ಮುದ್ರಿಕೆ ಹತ್ತು ದಿನದ ನಂತರದ್ದು, ಒಂದು ಬುಧವಾರದ ಸಭೆ. ಸ್ಕ್ಯಾನ್ ಕೆಲಸ ಅಂದು ಮುಗಿದಿದೆ. ಒಬ್ಬ ಸದಸ್ಯರು, ಅಶೋಕ ಹಲಗೇರಿಯವರು, ನಿಮ್ಮ ಫೋನಿನಲ್ಲಿ ಒಂದು ಹಾಳೆಯನ್ನು ನೋಡಿದ್ದಾರೆ.

“ಇದರ ಮ್ಯಾಲೆ ಒಂದು ಕರೇ ಪಟ್ಟಿ ಬಿದ್ದಂಗ ಕಾಣತೈತಲ್ರಿ?”

“ಝೆರಾಕ್ಸ್ ಅಂದಮ್ಯಾಲೆ ಒಂದೆರಡು ಗೆರಿ ಬೀಳೂವ,” ಎನ್ನುತ್ತೀರಿ ನೀವು.

“ಗಂಧ ಹಚ್ಚಿದ್ದಿವಲ್ರಿ, ಅದ ಇರಬೇಕು,” ಎನ್ನುತ್ತಾರೆ ಶಕುಂತಲಾಬಾಯಿ. “ಒರಸಬ್ಯಾಡ್ರಿ ಮತ್ತ, ಪೂಜಿದ್ದು. ತಾನ ಉದರತೈತಿ.”

“ಹಾಳಿ ಎಷ್ಟಾದುವು?”

“ಸಾವಿರದ ನೂರಾ ನಲವತ್ತು. ಎರಡು ಸಲ ಎಣಸೇನಿ.”

ಅಲ್ಲಿಗೆ ಆ ಮಾತು ಮುಗಿಯುತ್ತದೆ. ಎಣಿಕೆ ಸರಿಯಿದ್ದ ಮೇಲೆ ಓದಿ ನೋಡುವುದು ಯಾರಿಗೂ ಹೊಳೆದಿಲ್ಲ. ನಿಮ್ಮ ನಂತರ ಬಂದವರಿಗೂ ಹೊಳೆಯಲಿಲ್ಲ, ಯುಗಾದಿಯಿಂದ ಯುಗಾದಿಗೆ ಎಣಿಸುತ್ತಾ ಬಂದರು. ಎಲ್ಲ ಸೇರಿ ಆ ಕಲೆಯನ್ನು ಎಷ್ಟು ಭದ್ರವಾಗಿ ಕಾದಿದ್ದೇವೆಂದರೆ ಈಗ ಅದನ್ನು ಯಾವ ಉಪಾಯದಿಂದಲೂ ತೆಗೆಯಲಾಗದು. ಮುಂದಿನ ವಿಷಯ ಮೂಲ ಕಾಗದಗಳದ್ದು. ಇನ್ನು ಅವು ಬೇಡ, ಭಾನುವಾರ ರದ್ದಿಯವನನ್ನು ಕರೆಸೋಣ, ಕಪಾಟು ಖಾಲಿಯಾದರೆ ಕೇರಂ ಬೋರ್ಡ್ ಇಡಲು ಜಾಗವಾಗುತ್ತದೆ ಎಂದು ಎಲ್ಲರೂ ಕೈ ಎತ್ತಿದ್ದೀರಿ. ಮುಂದಿನ ತಿಂಗಳ ನಡಾವಳಿಯಲ್ಲಿ ಕೇರಂ ಬೋರ್ಡ್ ಬಂದದ್ದು ದಾಖಲಾಗಿದೆ. ಸ್ಟ್ರೈಕರ್ ಕಳೆದದ್ದು ಅದರ ಮುಂದಿನ ತಿಂಗಳು.

ಆದ್ದರಿಂದ ಈ ಪತ್ರ ನಿಮಗೆ ತಲುಪಬೇಕಾದದ್ದು ಆ ಬುಧವಾರಕ್ಕೂ ಆ ಭಾನುವಾರಕ್ಕೂ ನಡುವೆ. ಕಾಗದಗಳು ಇನ್ನೂ ಕಪಾಟಿನ ಪಕ್ಕದಲ್ಲಿ ಹುರಿ ಕಟ್ಟಿಕೊಂಡು ಕೂತಿರುತ್ತವೆ. ನಿಮ್ಮ ಸೊಂಟ ನೋಯುತ್ತಿದೆಯೆಂದೂ ಎರಡು ಸಲ ಹೇಳಿದ್ದೀರಿ, ನನಗೆ ಗೊತ್ತು. ಮಾಡಬೇಕಾದದ್ದು ಇಷ್ಟು. ಸ್ಕ್ಯಾನರಿನ ಮುಚ್ಚಳ ತೆಗೆಯಿರಿ. ಒಳಗಿನ ಗಾಜಿನ ಪಟ್ಟಿಯನ್ನು ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒರೆಸಿರಿ. ಕೊಬ್ಬರಿ ಎಣ್ಣೆ ಬಳಸಬೇಡಿ, ಪಂಪಿಗೆ ಹಾಗೆ ಮಾಡಿದ ಪ್ರಸಂಗವನ್ನು ಓದಿದ್ದೇನೆ. ಪೂಜೆಯದನ್ನು ಒರೆಸಲು ಶಕುಂತಲಾಬಾಯಿಯವರಿಗೆ ಮನಸ್ಸು ಒಪ್ಪದಿದ್ದರೆ ಆ ಬಟ್ಟೆಯನ್ನು ಗಿಡದ ಬುಡದಲ್ಲಿ ಹಿಂಡಲು ಅವರಿಗೇ ಕೊಡಿ. ಆಮೇಲೆ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಲು ನಿಮಗೆ ಶಕ್ತಿಯಿರದಿದ್ದರೆ ಬೇಡ. ಚರಂಡಿ ಹೋಗಲಿ, ನಲ್ಲಿ ಹೋಗಲಿ, ಚನ್ನಪ್ಪ ಬಿದರಿಯವರ ಹದಿನೇಳು ದೂರುಗಳೂ ಹೋಗಲಿ. ನಿವಾಸಿಗಳ ವಹಿ ಹನ್ನೆರಡೇ ಹಾಳೆ. ಹನ್ನೆರಡು ಹಾಳೆಗೆ ನಿಮ್ಮ ಒಂದು ಕಪ್ಪು ಚಹಾ ಆರುವಷ್ಟು ಹೊತ್ತೂ ಬೇಡ. ಮಾಡಿದ ಮೇಲೆ ಎಣಿಸಬೇಡಿ. ಕನ್ನಡಕ ಹಾಕಿಕೊಂಡು ನಾಲ್ಕನೆಯ ಕಲಮನ್ನು ಮೇಲಿನಿಂದ ಕೆಳಗೆ ಓದಿ.

ನಾಳೆ ಹೊತ್ತೇರಿದ ಮೇಲೆ ನಾನು ಇಪ್ಪತ್ತೇಳನೇ ಸಾಲಿಗೆ ಬರುತ್ತೇನೆ. ಕಲ್ಮೇಶ ಎಡಗಡೆ ಮೂರನೇ ಸಾಲಿನಲ್ಲಿ ಕೂತಿರುತ್ತಾನೆ, ನನ್ನನ್ನು ನೋಡುವುದಿಲ್ಲ, ಅದು ನನಗೆ ಸುಲಭವಾಗಲೆಂದು. ಪ್ಲಾಟ್ ಸಂಖ್ಯೆ ಓದುತ್ತೇನೆ. ಮಾಲೀಕರ ಹೆಸರು ಓದುತ್ತೇನೆ. ಮುಂದಿನ ಕಲಮಿಗೆ ಬಂದು, ಬಾಯಿ ತೆರೆಯುವ ಮೊದಲು, ಒಂದು ಹೆಸರು ಹೇಳುವಷ್ಟು ಹೊತ್ತು ಹಾಳೆಯನ್ನು ನೋಡುತ್ತಾ ನಿಲ್ಲುತ್ತೇನೆ. ಅಷ್ಟು ನಿಲ್ಲಲು ನಿಯಮದಲ್ಲಿ ಅಡ್ಡಿಯಿಲ್ಲ. ಅಷ್ಟು ಹೊತ್ತು ನಿಮ್ಮದು, ಮುದಕವಿಯವರೇ.

ಇತಿ,
ನೀಲಗಂಗಾ
ದಫ್ತರದವಳು, ಮುತ್ತಲ ಕಾಲೊನಿ